ಸ್ವಿಚ್ ಇಲ್ಲದ ವಾದ್ಯ

ಇಷ್ಟೆಲ್ಲ ಆದದ್ದು ಒಂದೇ ಒಂದು ಮಾತಿನಿಂದ. ಅದೂ ಜಗಳದ ಮಾತಲ್ಲ. ತಿಂಡಿಯ ತಟ್ಟೆ ಮುಂದಿಟ್ಟುಕೊಂಡಾಗ ಬಾಯಿಂದ ಜಾರಿದ ತಮಾಷೆ.

ಆತ ಬೀಗದಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಗಳಿಗೆ ಬೀಗ ತೋರಿಸುವುದು, ಜಗ್ಗಿ ತೋರಿಸುವುದು, 'ಇದನ್ನು ಒಡೆಯೋಕೆ ಕಳ್ಳನ ಅಪ್ಪ ಹುಟ್ಟಿ ಬರಬೇಕು' ಎಂದು ಹೇಳುವುದು ಅವನ ಕೆಲಸ. ಹಾಗಾಗಿ ಬೀದಿಯವರಿಗೆಲ್ಲ ಅವನು ಬೀಗದವನು. ಮನೆಯಲ್ಲಿ ಹೆಂಡತಿ, ಜೊತೆಗೆ ಹೆಂಡತಿಯ ಅಪ್ಪ. ಮಾವ ಆಯಸ್ಸಿಡೀ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು. ಅತ್ತೆ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಕ್ಲಾರಿನೆಟ್ಟು ಹಿಡಿದುಕೊಂಡು ಮಗಳ ಮನೆಗೆ ಬಂದರು. ಟ್ರಂಕಿನಿಂದ ಯಾರಿಗೂ ತೊಂದರೆ ಆಗಲಿಲ್ಲ.

ಬೆಳಗ್ಗೆ ಹಾಲಿನವನು ಬರುವುದಕ್ಕೆ ಮುಂಚೆಯೇ ಮಾವನ ಕೋಣೆಯಿಂದ ನಾದ ಹೊರಡುತ್ತಿತ್ತು. ಒಳ್ಳೆಯ ನಾದವೇ. ಆದರೆ ನಿದ್ದೆಯಲ್ಲಿರುವವನ ಕಿವಿಗೆ ಒಳ್ಳೆಯದು ಕೆಟ್ಟದ್ದು ಎಲ್ಲಿ ಗೊತ್ತಾಗುತ್ತದೆ? ಬೀಗದವನು ದಿಂಬನ್ನು ತಲೆಯ ಕೆಳಗಿಂದ ತೆಗೆದು ತಲೆಯ ಮೇಲಿಟ್ಟುಕೊಂಡು ಮಲಗುವುದನ್ನು ಕಲಿತ. ಹೆಂಡತಿ ಮಾತ್ರ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಚಿಕ್ಕಂದಿನಿಂದ ಅದನ್ನು ಕೇಳಿಕೊಂಡೇ ಎದ್ದವಳು.

ಒಂದು ದಿನ ಬೀಗದವನು ತಿಂಡಿ ತಿನ್ನುತ್ತ, ಇನ್ನೂ ನಾದ ಬರುತ್ತಿದ್ದ ಮಾವನ ಕೋಣೆಯ ಕಡೆ ತಿರುಗಿ, "ಮಾವ, ಅದಕ್ಕೆ ಸ್ವಿಚ್ ಇಲ್ವಾ?" ಅಂದ.

ಮಾರನೆಯ ಬೆಳಗ್ಗೆ ಮನೆ ಗಪ್‌ಚಿಪ್. ಅದರ ಮಾರನೆಯ ದಿನವೂ ಹಾಗೇ. ಕೇಳಿದರೆ ಮಾವ, "ಅದನ್ನ ಯಾರಿಗೋ ಕೊಟ್ಟುಬಿಟ್ಟೆ ಬಿಡಿ, ಅಳಿಯಂದಿರೇ" ಎಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದರು. ಅಂದಿನಿಂದ ಮಾತಾಡುವಾಗಲೆಲ್ಲ ಬಾಯಿಗೆ ಕೈ ಅಡ್ಡ. ನಗು ನಿಂತುಹೋಯಿತು. ಸುಮ್ಮನೆ ಕೂತರೆ ಬೆರಳುಗಳು ಲೋಟದ ಮೇಲೆ, ತಟ್ಟೆಯ ಮೇಲೆ, ಕುರ್ಚಿಯ ಕೈಮೇಲೆ ಟಕಟಕ ಕುಣಿಯುತ್ತಿದ್ದವು. ಪಾಪ, ಕೊಳವೆ ಹುಡುಕುತ್ತಿವೆ ಎಂದುಕೊಂಡ ಬೀಗದವನು. ಅವನಿಗೆ ತಿಂದದ್ದು ಮೈಗೆ ಹತ್ತದಾಯಿತು.

ಹೆಂಡತಿ ಬೈದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವಳು ಬೈಯುವುದನ್ನೇ ಬಿಟ್ಟಳು. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರೂ ಮಾತಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಮಾತಿಲ್ಲ. ಇಂಥ ಹೆಂಡತಿಯನ್ನು ಪಕ್ಕದ ಮನೆಯವರು ಅದೃಷ್ಟ ಅನ್ನಬಹುದು, ಕಟ್ಟಿಕೊಂಡವನಿಗೆ ಗೊತ್ತು ಅದರ ಸಂಕಟ. ಬೆಳಗ್ಗೆ ಅವಳು ಅಭ್ಯಾಸಬಲದಿಂದ ಸೌಟು ಹಿಡಿದು ಬಾಗಿಲಿಗೆ ಒರಗುತ್ತಿದ್ದಳು. ಸ್ವಲ್ಪ ಹೊತ್ತು ನಿಂತು ವಾಪಸು ಒಲೆಯ ಹತ್ತಿರ ಹೋಗುತ್ತಿದ್ದಳು.

ಹೇಗಾದರೂ ಮಾಡಿ ಮಾವನಿಗೆ ಒಂದು ಕ್ಲಾರಿನೆಟ್ ತಂದುಕೊಡಲೇಬೇಕು ಎಂದು ಬೀಗದವನು ತೀರ್ಮಾನಿಸಿದ. ಕೆಟ್ಟು ನಿಂತ ಸ್ಕೂಟರಿನ ರಿಪೇರಿಗೆಂದು ಕೂಡಿಟ್ಟ ಹಣವಿತ್ತು. ಹೊಸ ವಾದ್ಯಕ್ಕೆ ಅದು ಸಾಲದು. ಹಳೆಯದು ಬೇಕೆಂದರೆ ಫೋನಿನ ಹರಾಜೇ ಗತಿ.

ಆದರೆ ಫೋನಿನ ಹರಾಜು ಎಂದರೆ ಅವನಿಗೆ ಹೆದರಿಕೆ. ಹಿಂದೊಮ್ಮೆ ಹೀಗೇ ಮಿಕ್ಸಿಗೆ ಕೂಗಿದ್ದ. ಬಂದ ಡಬ್ಬಿ ಬಿಚ್ಚಿದರೆ ಒಳಗೆ ಮಿಕ್ಸಿಯ ಫೋಟೊ. ಗಾಜು, ಕಟ್ಟು ಎಲ್ಲ ಹಾಕಿದ ಒಳ್ಳೆಯ ಫೋಟೊ. ಜಾಹೀರಾತಿನ ಕೆಳಗೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ 'ಗೋಡೆಯ ಅಲಂಕಾರಕ್ಕೆ' ಎಂದಿತ್ತಂತೆ. ಹೆಂಡತಿ ಅದನ್ನು ಅಡುಗೆಮನೆಯಲ್ಲಿ ಮಿಕ್ಸಿ ಇಡಬೇಕಾದ ಜಾಗದ ಮೇಲೆಯೇ ಮೊಳೆ ಹೊಡೆದು ತೂಗುಹಾಕಿದ್ದಳು. ಬಂದವರಿಗೆಲ್ಲ, "ನಮ್ಮ ಮಿಕ್ಸಿ. ಸದ್ದೇ ಮಾಡಲ್ಲ" ಎಂದು ತೋರಿಸುತ್ತಿದ್ದಳು. ಅದು ಅವಳು ಮಾತಾಡುತ್ತಿದ್ದ ಕಾಲ.

ಒಂದು ದಿನ ಬೆಳಗ್ಗೆ ಅಂಗಡಿಗೆ ಬಂದವನೇ ಫೋನು ತೆರೆದ. ಹರಾಜಿನ ಆಪಿನಲ್ಲಿ ಒಂದು ಕ್ಲಾರಿನೆಟ್ ಬಂದಿತ್ತು. ಪಟ್ಟೆಪಟ್ಟೆ ಹೊದಿಕೆಯ ಮೇಲೆ ಮಲಗಿದ ಕಪ್ಪು ಕೊಳವೆ, ಮೈತುಂಬ ಬಿಳಿ ಗುಂಡಿ. ಮಾರುವವರ ಹೆಸರು 'ಉಸಿರು'. ಇದೇ ಊರು. ಹರಾಜು ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯುತ್ತದೆ.

ಅದು ಮಾವನ ಕ್ಲಾರಿನೆಟ್ಟಿನ ಹಾಗೇ ಇದೆಯೋ ಎಂದು ಕೇಳಿದರೆ ಬೀಗದವನಿಗೆ ಹೇಳಲಾಗುತ್ತಿರಲಿಲ್ಲ. ಆ ವಾದ್ಯ ಅವನಿಗೆ ಕಿವಿಯ ಪರಿಚಯವೇ ಹೊರತು ಕಣ್ಣಿನ ಪರಿಚಯವಲ್ಲ. ಅದು ಹೊರಗಿದ್ದಾಗಲೆಲ್ಲ ಅವನು ದಿಂಬಿನ ಕೆಳಗೆ.

"ಅಕ್ಕಾ, ಸ್ವಲ್ಪ ನೋಡಿ" ಎಂದ.

ಗಲ್ಲಾದಲ್ಲಿ ಕೂರುವ ಅಕ್ಕನಿಗೆ ಲೋಕದ ಮೋಸಗಳೆಲ್ಲ ಬಾಯಿಪಾಠ. ನೋಟು ಕೊಟ್ಟರೆ ಮೂಸಿ ನೋಡುವ ಹೆಂಗಸು. ಕನ್ನಡಕ ಏರಿಸಿಕೊಂಡು ಫೋನನ್ನೂ ಹಾಗೇ ಮೂಗಿನ ಹತ್ತಿರ ತಂದಳು.

"ನೋಡು ತಮ್ಮಾ, ಮೊದಲನೇದು, ನಿನ್ನ ನಿಜವಾದ ಹೆಸರು ಹಾಕಬೇಡ. ಎರಡನೇದು, ಮುಖ ತೋರಿಸಬೇಡ, ಫೋನ್ ನಂಬರ್ ಕೊಡಬೇಡ. ಹಣ ಮಾತ್ರ ಆಪಿನ ಒಳಗೇ ಕಟ್ಟು. ಅದು ಅವರ ಹತ್ತಿರ ಇರುತ್ತೆ. ವಸ್ತು ನಿನ್ನ ಕೈಗೆ ಬಂದು ನೀನು ಒಪ್ಪಿಗೆ ಒತ್ತಿದ ಮೇಲೇ ಮಾರಿದವನಿಗೆ ಹೋಗೋದು. 'ಅಣ್ಣಾ, ಆಪ್ ಬಿಟ್ಟು ನೇರವಾಗಿ ಕಳಿಸು, ಕಡಿಮೆ ಮಾಡ್ತೀನಿ' ಅಂದ್ರೆ ಅವನು ಕಳ್ಳ. ಬರೆದಿಟ್ಕೋ."

ಬೀಗದವನು 'ಹದ್ದಿನಕಣ್ಣು' ಎಂಬ ಹೆಸರಿನಲ್ಲಿ ಒಂದು ಕೂಗು ಹಾಕಿದ. ಆ ಆಪಿನಲ್ಲಿ ಕೂಗಬೇಕಾದದ್ದು ಬಾಯಿಂದಲ್ಲ, ಹೆಬ್ಬೆಟ್ಟಿನಿಂದ. ಆದರೂ ಅಭ್ಯಾಸವಿಲ್ಲದ್ದಕ್ಕೆ ಬಾಯಿಂದಲೂ ಕೂಗಿಬಿಟ್ಟ. ಎದುರಿನ ಫೋಟೊ ಸ್ಟುಡಿಯೋದವನು ಏನಾಯಿತೋ ಎಂದು ಓಡಿಬಂದ. ಬಂದವನು ಮತ್ತೆ ಹೋಗಲಿಲ್ಲ.

"ಅಣ್ಣಾ, ಈ ಫೋಟೊ ಅವನದೇ ಅಂತ ಏನು ಗ್ಯಾರಂಟಿ? ಎಲ್ಲಿಂದಲೋ ಕದ್ದು ಹಾಕಿರ್ತಾನೆ. ನೀನು ಹೇಳಿದ ಸಾಮಾನು ಪಕ್ಕದಲ್ಲಿಟ್ಟು ಹೊಸ ಫೋಟೊ ತೆಗೆದು ಕಳಿಸು ಅನ್ನು. ಯಾರೂ ಊಹಿಸದಂಥ ಸಾಮಾನು ಹೇಳಬೇಕು."

"ಬಾತ್‌ರೂಮಿನ ಮಗ್ಗು" ಎಂದಳು ಅಕ್ಕ, ತಟ್ಟನೆ.

ಬೀಗದವನು ಹಾಗೇ ಬರೆದು ಕಳಿಸಿದ. ಸ್ವಲ್ಪ ಹೊತ್ತಿಗೆ ಫೋಟೊ ಬಂತು. ಗೋಡೆಗೆ ಒರಗಿಸಿದ ಕ್ಲಾರಿನೆಟ್ಟು, ಅದರ ತಲೆಯ ಮೇಲೆ ಟೋಪಿಯ ಹಾಗೆ ಕೆಂಪು ಮಗ್ಗು. ಮೂವರೂ ಸಂತೋಷಪಟ್ಟರು. ಅಷ್ಟರಲ್ಲಿ ಮನೆಯಿಂದ ಫೋನು.

"ಬಾತ್‌ರೂಮಿನ ಮಗ್ಗು ಕಾಣ್ತಿಲ್ಲ. ನೀವೇನಾದ್ರೂ ತಗೊಂಡುಹೋದ್ರಾ?" ಎಂದಳು ಹೆಂಡತಿ. ಬಹಳ ದಿನಗಳ ಮೇಲೆ ಅವಳಾಗಿ ಮಾಡಿದ ಫೋನು.

"ನಾನು ಮಗ್ಗು ತಗೊಂಡು ಅಂಗಡಿಗೆ ಯಾಕೆ ಬರ್ಲಿ? ಮಾವನ್ನ ಕೇಳು."

"ಅಪ್ಪ ಕೆಳಗಡೆ ಹೆಡ್ಡಿನ ಮನೇಲಿದ್ದಾರೆ. ಇಬ್ರೂ ಬಾಗಿಲು ಹಾಕ್ಕೊಂಡು ಫೋನಿಗೆ ಮುಖ ಹಾಕ್ಕೊಂಡು ಕೂತಿದ್ದಾರೆ" ಎಂದು ಇಟ್ಟುಬಿಟ್ಟಳು. ಹೆಡ್ಡು ಎಂದರೆ ಕೆಳಮನೆಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಕೆಲಸ ಬಿಟ್ಟರೂ ಅನುಮಾನ ಬಿಡದ ಮನುಷ್ಯ.

'ಮಗ್ಗು ಕೂಡ ಕದಿಯುವ ಕಾಲ ಬಂತು' ಎಂದುಕೊಂಡ ಬೀಗದವನು.

ಅಂಗಡಿಯ ಯಜಮಾನರು ಒಳಗಿನಿಂದ ಬಂದರು. ಕೆಲಸ ನಿಂತಿದ್ದಕ್ಕೆ ಬೈಯುತ್ತಾರೆ ಎಂದುಕೊಂಡರೆ ಅವರೂ ಸ್ಟೂಲು ಎಳೆದುಕೊಂಡು ಕೂತರು.

"ಏನಯ್ಯಾ, ಮಗ್ಗು ಎಲ್ಲರ ಮನೇಲೂ ಇರುತ್ತೆ. ಅದೊಂದು ಪರೀಕ್ಷೆಯಾ? ಚಪ್ಪಲಿ ಕೇಳು. ಎಡಗಾಲಿಂದು. ಗಂಡಸರದು."

ಚಪ್ಪಲಿಯ ಫೋಟೊ ಬಂತು. ಹಳೆಯ ಚಪ್ಪಲಿ, ಹೆಬ್ಬೆರಳಿನ ಪಟ್ಟಿ ಕಿತ್ತುಹೋಗಿ ಬಿಳಿ ದಾರದಲ್ಲಿ ಹೊಲಿಸಿದ್ದು. ಬೀಗದವನು ಲೊಚಗುಟ್ಟಿದ.

"ಪಾಪ ಅಕ್ಕಾ, ಯಾರೋ ನನ್ನಂಥವನೇ. ನಾನೂ ಮನೇಲಿ ಹಾಕೋ ಚಪ್ಪಲೀನ ಹೀಗೇ ಹೊಲಿಸಿಕೊಂಡಿದ್ದೀನಿ."

"ಕರಗಬೇಡ. ಕಳ್ಳರು ಮೊದಲು ಕರಗಿಸ್ತಾರೆ, ಆಮೇಲೆ ಕರಗಿದ್ದನ್ನ ಬಳ್ಕೊಂಡು ಹೋಗ್ತಾರೆ."

ಆಗ ಅತ್ತ ಕಡೆಯಿಂದಲೇ ಒಂದು ಸಂದೇಶ ಬಂತು. 'ನಿಮ್ಮ ಪರೀಕ್ಷೆ ಆಯಿತಲ್ಲ? ಈಗ ನಮ್ಮದು. ನೀವು ಮನುಷ್ಯರೇ ಎಂದು ಹೇಗೆ ನಂಬುವುದು? ಬಲಗೈಯಿಂದ ಎಡಗಿವಿ ಹಿಡಿದುಕೊಂಡು ಒಂದು ಫೋಟೊ ಕಳಿಸಿ.'

"ಎಲಾ ಇವನ!" ಎಂದರು ಯಜಮಾನರು. "ಕಳ್ಳನಿಗೆ ನಮ್ಮ ಮೇಲೆ ಅನುಮಾನವಂತೆ!"

ಮುಖ ತೋರಿಸಬಾರದು ಎಂಬುದು ಅಕ್ಕನ ಕಟ್ಟಪ್ಪಣೆ. ಫೋಟೊ ಕಳಿಸದಿದ್ದರೆ ಕ್ಲಾರಿನೆಟ್ ಕೈತಪ್ಪುತ್ತದೆ. ಸ್ಟುಡಿಯೋದವನು ಉಪಾಯ ಮಾಡಿದ. ಬೀಗದವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಕಿವಿ ಹಿಡಿಸಿ, ಹಿಂದಿನಿಂದ ತೆಗೆದ. ಬೀಗ ಕೊಳ್ಳಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು ನೋಡಿ, ಏನು ತಪ್ಪು ಮಾಡಿದನೋ ಎಂದು ಕನಿಕರದಿಂದ ಬೇರೆ ಅಂಗಡಿಗೆ ಹೋದ.

ಫೋಟೊ ನೋಡಿ ಬೀಗದವನು ಬೆಚ್ಚಿದ. "ಇದ್ಯಾರ ತಲೆ? ನಡುವೆ ಬೋಳಾಗಿದೆ."

"ನಿನ್ನದೇ ಅಣ್ಣಾ."

"ಯಾವಾಗಿಂದ?"

ಅಕ್ಕ ಗಲ್ಲಾಪೆಟ್ಟಿಗೆಯ ಒಳಗೆ ಏನೋ ಹುಡುಕತೊಡಗಿದಳು. ದುಃಖಕ್ಕೆ ಹೊತ್ತಿರಲಿಲ್ಲ. ಫೋಟೊ ಹೋಯಿತು. 'ಸರಿ, ಮನುಷ್ಯರ ತಲೆಯೇ' ಎಂದು ಒಪ್ಪಿಗೆ ಬಂತು.

ಇನ್ನು ಕೊನೆಯ ಪರೀಕ್ಷೆ ಬೀಗದವನದೇ. 'ಊದಿ ಕಳಿಸಿ. ಒಂದು ಸಣ್ಣ ರಾಗ ಸಾಕು' ಎಂದು ಬರೆದ. ಆಮೇಲೆ, 'ಊದಲು ಆಗುವುದಿಲ್ಲ. ನಿಮಗೆ ವಸ್ತು ಬೇಕೋ, ಕಚೇರಿ ಬೇಕೋ?' ಎಂದು ಬಂತು.

"ಮುಗೀತು!" ಎಂದು ಅಕ್ಕ ಮೇಜು ಗುದ್ದಿದಳು. "ಕ್ಲಾರಿನೆಟ್ ಇಟ್ಕೊಂಡು ಊದೋಕೆ ಬರಲ್ಲ ಅಂದ್ರೆ ಅದು ಕದ್ದ ಮಾಲು. ಬಿಟ್ಟುಬಿಡು."

ಬಿಡುವುದಕ್ಕೆ ಮನಸ್ಸಾಗಲಿಲ್ಲ. ಸೌಟು ಹಿಡಿದು ಬಾಗಿಲಿಗೆ ಒರಗಿದವಳು ಕಣ್ಣಮುಂದೆ ಬಂದಳು. ಅದೇ ಹೊತ್ತಿಗೆ 'ಸಿಡಿಗುಂಡು' ಎಂಬ ಇನ್ನೊಬ್ಬ ಹರಾಜಿಗೆ ನುಗ್ಗಿದ. ಬೀಗದವನು ಒಂದು ಕೂಗಿದರೆ ಅವನು ಮೇಲೊಂದು. ಇವನು ಏರಿಸಿದರೆ ಅವನು ಉಸಿರಾಡುವಷ್ಟು ಹೊತ್ತೂ ಬಿಡದೆ ಏರಿಸುತ್ತಾನೆ. ಸ್ಕೂಟರಿನ ಚಕ್ರ ಹೋಯಿತು, ಸೀಟು ಹೋಯಿತು, ಇಂಜಿನ್ನಿನ ತನಕ ಬಂತು.

"ಈ ಸಿಡಿಗುಂಡು ಬೇರೆ ಯಾರೂ ಅಲ್ಲ, ಮಾರುವವನ ಕಡೆಯವನೇ" ಎಂದಳು ಅಕ್ಕ. "ಬೆಲೆ ಏರಿಸೋಕೆ ತಮ್ಮವನನ್ನೇ ಬಿಟ್ಟಿರ್ತಾರೆ. ನೀನು ಇಷ್ಟಕ್ಕೇ ನಿಲ್ಲಬೇಕು ಅಂತ ಮೊದಲೇ ಗೆರೆ ಎಳ್ಕೋಬೇಕಿತ್ತು."

ಅಷ್ಟರಲ್ಲಿ 'ಉಸಿರು' ಒಂದು ಪ್ರಶ್ನೆ ಕೇಳಿತು. 'ಊದುವವರು ಯಾರು? ನೀವೇನಾ? ಸುಮ್ಮನೆ ಶೋಕೇಸಿನಲ್ಲಿ ಇಡುವವರಿಗೆ ಕೊಡಲು ನನಗೆ ಮನಸ್ಸಿಲ್ಲ.'

ಅಕ್ಕ, ಸ್ಟುಡಿಯೋದವನು, ಯಜಮಾನರು ಮೂವರೂ ಮೂರು ಸುಳ್ಳು ಹೇಳಿಕೊಟ್ಟರು. ಬೀಗದವನು ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡು ಮೂಲೆಗೆ ಹೋದ. ಅಲ್ಲಿ ನಿಂತು ತಾನೇ ಬರೆದ. 'ನಮ್ಮ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಅವರು ಊದುತ್ತಿದ್ದರು. ನನ್ನ ಒಂದು ಕೆಟ್ಟ ಮಾತಿನಿಂದ ನಿಂತುಹೋಯಿತು. ಈಗ ಮನೆ ಮನೆಯಾಗಿಲ್ಲ. ಮತ್ತೆ ಅವರು ಬೆಳಗ್ಗೆ ನನ್ನ ನಿದ್ದೆ ಕೆಡಿಸಬೇಕು. ಅಷ್ಟಕ್ಕೇ ಕೊಳ್ಳುತ್ತಿದ್ದೇನೆ.'

ಉತ್ತರ ಬಂತು. 'ಆ ಹಿರಿಯರು ಪುಣ್ಯವಂತರು. ಇದು ನಿಮಗೇ ಸಿಗಲಿ. ಊದುವ ತುದಿಗೆ ಕಟ್ಟುವ ಹೊಸ ರೀಡು ಒಂದಿದೆ, ಅದನ್ನೂ ಇಡುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ.'

ಬೀಗದವನು ಕಣ್ಣೊರೆಸಿಕೊಂಡು ಕೊನೆಯ ಕೂಗು ಕೂಗಿದ. ಸಿಡಿಗುಂಡು ಯಾಕೋ ಠುಸ್ ಎಂದು ಸುಮ್ಮನಾದ. ಹರಾಜು ಮುಗಿಯಿತು. ಹಣ ಆಪಿಗೆ ಹೋಯಿತು, ವಾದ್ಯ ಹದ್ದಿನಕಣ್ಣಿನದಾಯಿತು.

ಇನ್ನು ಅದು ಕೈಗೆ ಬರಬೇಕಲ್ಲ. ಅಂಚೆಯಲ್ಲಿ ತರಿಸಿದರೆ ಒಳಗೆ ಕ್ಲಾರಿನೆಟ್ಟಿನ ಫೋಟೊ ಇದ್ದರೆ? ಕೈಯಿಂದ ಕೈಗೇ ಆಗಲಿ, ಜನ ಓಡಾಡುವ ಜಾಗದಲ್ಲೇ ಆಗಲಿ ಎಂದು ಎರಡೂ ಕಡೆಯವರು ಒಪ್ಪಿದರು. ಸಂಜೆ ಬಸ್ ನಿಲ್ದಾಣ, ಗಡಿಯಾರದ ಕೆಳಗೆ. ಗುರುತಿಗೆ ಕೊಳ್ಳುವವನು ಹಸಿರು ಛತ್ರಿ ಬಿಚ್ಚಿ ಹಿಡಿದಿರಬೇಕು, ಮಾರುವವನ ಕೈಯಲ್ಲಿ ಉದ್ದನೆಯ ಚೀಲ ಇರಬೇಕು.

"ಒಪ್ಪಿಗೆ ಒತ್ತೋ ತನಕ ಮುಖ ತೋರಿಸಬೇಡ" ಎಂದು ಅಕ್ಕ ತನ್ನ ಹೂವಿನ ಸ್ಕಾರ್ಫನ್ನು ಅವನ ಮೂಗು ಬಾಯಿಗೆ ಸುತ್ತಿದಳು. ಸ್ಟುಡಿಯೋದವನು ಕಪ್ಪು ಕನ್ನಡಕ ಏರಿಸಿದ. ಯಜಮಾನರು ರಜೆ ಕೊಟ್ಟರು, ಜೊತೆಗೆ ಅಂಗಡಿಯ ಅತಿ ದಪ್ಪ ಬೀಗವನ್ನು ಜೇಬಿಗೆ ತುರುಕಿದರು. "ಹೆಚ್ಚುಕಮ್ಮಿ ಆದ್ರೆ ಇದನ್ನ ಎಸಿ. ಎಸೆದದ್ದನ್ನ ವಾಪಸು ತಗೊಂಡು ಬಾ."

ಬಸ್ ನಿಲ್ದಾಣದಲ್ಲಿ ಮೋಡದ ಸುಳಿವಿಲ್ಲದ ಆಕಾಶದ ಕೆಳಗೆ ಹೂವಿನ ಸ್ಕಾರ್ಫು, ಕಪ್ಪು ಕನ್ನಡಕ, ಹಸಿರು ಛತ್ರಿ ಹಿಡಿದ ಗಂಡಸನ್ನು ನೋಡಿ ಜನ ತಮ್ಮ ಚೀಲಗಳನ್ನು ಹತ್ತಿರ ಎಳೆದುಕೊಂಡರು. ಅಕ್ಕ ಮತ್ತು ಸ್ಟುಡಿಯೋದವನು ಹಣ್ಣಿನ ಗಾಡಿಯ ಹಿಂದೆ ಅಡಗಿದರು. ಗಾಡಿಯವನು ಕೊಳ್ಳದವರು ಅಡಗಬಾರದು ಎಂದದ್ದಕ್ಕೆ ಅಕ್ಕ ಬಾಳೆಹಣ್ಣು ಕೊಳ್ಳಬೇಕಾಯಿತು.

ಸ್ವಲ್ಪ ಹೊತ್ತಿಗೆ ಎದುರಿನಿಂದ ಹೆಲ್ಮೆಟ್ ಹಾಕಿಕೊಂಡ ಒಬ್ಬಾತ ಬಂದ. ಬೈಕಿಲ್ಲ, ಸ್ಕೂಟರಿಲ್ಲ, ನಡೆದುಕೊಂಡೇ ಬಂದ. ಗಾಜು ಇಳಿಸಿದ್ದ. ಕೈಯಲ್ಲಿ ಉದ್ದನೆಯ ಚೀಲ. ಇಬ್ಬರೂ ಒಬ್ಬರನ್ನೊಬ್ಬರು ಎರಡು ಬೆಕ್ಕುಗಳ ಹಾಗೆ ಸುತ್ತುಹಾಕಿದರು.

"ವಸ್ತು ತೋರಿಸಿ" ಎಂದಿತು ಸ್ಕಾರ್ಫು.

"ಮೊದ್ಲು ಒಪ್ಪಿಗೆ ಒತ್ತಿ" ಎಂದಿತು ಹೆಲ್ಮೆಟ್ಟು. ಬಾವಿಯೊಳಗಿಂದ ಬಂದಂಥ ದನಿ.

"ನೋಡದೆ ಹೇಗೆ ಒತ್ತೋದು?"

"ಒತ್ತದೆ ಹೇಗೆ ತೋರ್ಸೋದು? ಕಿತ್ಕೊಂಡು ಓಡಿದ್ರೆ?"

"ನಾನು ಓಡೋ ಥರ ಕಾಣ್ತೀನಾ?"

"ನೀವು ಯಾವ ಥರಾನೂ ಕಾಣ್ತಿಲ್ಲ. ಅದೇ ನನಗೆ ಅನುಮಾನ."

ಬೀಗದವನು ಚೀಲಕ್ಕೆ ಕೈಹಾಕಿದ. ಹೆಲ್ಮೆಟ್ಟಿನವನು ಎಳೆದ. ಇವನೂ ಎಳೆದ. ಛತ್ರಿ ಹಾರಿಹೋಗಿ ಒಬ್ಬ ಕಂಡಕ್ಟರನ ತೊಡೆಯ ಮೇಲೆ ಕೂತಿತು. ಜಗ್ಗಾಟದಲ್ಲಿ ಹೆಲ್ಮೆಟ್ ಒಂದು ಕಡೆಗೆ ವಾಲಿದಾಗ ಅದರ ಹಿಂದಿನ ಬಿರುಕು ಕಂಡಿತು. ಬಿರುಕಿನ ಮೇಲೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರು. ಅದನ್ನು ಅಂಟಿಸಿದವನು ತಾನೇ. ಮನೆಯ ಮೊಳೆಗೆ ತೂಗುಹಾಕಿದ್ದ ಹೆಲ್ಮೆಟ್ಟು!

"ಕಳ್ಳ! ಕಳ್ಳ!" ಎಂದು ಬೀಗದವನು ಅರಚಿದ. "ಇದು ನನ್ನ ಹೆಲ್ಮೆಟ್ಟು! ಮನೆಗೆ ನುಗ್ಗಿದ್ದಾನೆ! ಮಗ್ಗೂ ಇವನೇ ಕದ್ದಿರೋದು!"

"ಕಳ್ಳ ನೀನು! ಮುಖ ಮುಚ್ಕೊಂಡು ಬಂದವನು ನೀನು!" ಎಂದು ಹೆಲ್ಮೆಟ್ಟು ಗುಡುಗಿತು.

ನಿಲ್ದಾಣದ ಕಾವಲುಗಾರ ಪೀಪಿ ಊದುತ್ತ ಬಂದು ಇಬ್ಬರ ಕುತ್ತಿಗೆಪಟ್ಟಿಯನ್ನೂ ಹಿಡಿದ. "ಬಿಚ್ರಿ ಇಬ್ರೂ! ಮುಖ ಬಿಚ್ರಿ!"

ಸ್ಕಾರ್ಫು ಇಳಿಯಿತು. ಹೆಲ್ಮೆಟ್ಟು ಏರಿತು.

"ಮಾವ?"

"ಅಳಿಯಂದಿರು?"

ಸುತ್ತ ನೆರೆದ ಜನಕ್ಕೆ ನಿರಾಸೆಯಾಯಿತು. ಕಂಬದ ಮರೆಯಿಂದ ಲಾಠಿ ಹಿಡಿದು ಹೆಡ್ಡು ಹೊರಬಂದ. "ಛೆ, ಅಳಿಯನಾ! ಒಳ್ಳೇ ಕೇಸು ಹಾಳಾಯ್ತು" ಎಂದ.

ಬಾಳೆಹಣ್ಣಿನ ಚೀಲದ ಸಮೇತ ಅಕ್ಕ ಮುಂದೆ ಬಂದಳು. "ಹಾಗಾದ್ರೆ ಆ ಸಿಡಿಗುಂಡು ಯಾರು? ಅದನ್ನ ಹೇಳಿ ಮೊದ್ಲು."

ಹೆಡ್ಡು ಮೀಸೆ ತಿರುವಿದ. "ಅದು ನಾನೇ. ಇವರಿಗೆ ಗೊತ್ತಿಲ್ಲ. ಮುದುಕರು ಪಾಪ, ನ್ಯಾಯವಾದ ಬೆಲೆ ಬರ್ಲಿ ಅಂತ ಸ್ವಲ್ಪ ಏರಿಸಿದೆ. ತಪ್ಪೇನು?"

"ಅದಕ್ಕೇ ಮೋಸ ಅಂತಾರೆ" ಎಂದಳು ಅಕ್ಕ.

"ಮೋಸ ಅಲ್ಲಮ್ಮ, ಬಂದೋಬಸ್ತು" ಎಂದ ಹೆಡ್ಡು.

ಜನ ಚದುರಿದರು. ಅಕ್ಕ, ಸ್ಟುಡಿಯೋದವನು, ಹೆಡ್ಡು ತಮ್ಮ ತಮ್ಮ ದಾರಿ ಹಿಡಿದರು. ಮಾವ, ಅಳಿಯ ಇಬ್ಬರೂ ಗಡಿಯಾರದ ಕೆಳಗಿನ ಬೆಂಚಿನ ಮೇಲೆ ಕೂತರು. ಚೀಲ ಇಬ್ಬರ ನಡುವೆ.

"ಮಾವ, ನನ್ನನ್ನ ಕ್ಷಮಿಸಬೇಕು" ಎಂದ ಬೀಗದವನು. "ಆವತ್ತು ಸ್ವಿಚ್ಚಿನ ಮಾತು ಆಡಬಾರದಿತ್ತು."

"ಯಾವ ಸ್ವಿಚ್ಚು?"

"ಅದೇ, ತಿಂಡಿ ಹೊತ್ತಲ್ಲಿ. ನಿಮ್ಮ ವಾದ್ಯಕ್ಕೆ ಸ್ವಿಚ್ ಇಲ್ವಾ ಅಂದೆನಲ್ಲ."

"ಅಂದ್ರಾ? ನನಗೆ ಕೇಳಿಸ್ಲೇ ಇಲ್ಲವಲ್ಲ. ಊದ್ತಾ ಇದ್ದೆ."

ಬೀಗದವನು ಅವರ ಕಡೆ ತಿರುಗಿದ. "ಮತ್ತೆ ಯಾಕೆ ನಿಲ್ಲಿಸಿದ್ರಿ?"

ಮಾವ ಅತ್ತಿತ್ತ ನೋಡಿದರು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಗೆ ಅಡ್ಡ ಹಿಡಿದ ಕೈ ತೆಗೆದರು. ಮೇಲಿನ ಮುಂದಿನ ಹಲ್ಲುಗಳ ಜಾಗದಲ್ಲಿ ಕಿಟಕಿ. "ಅಲುಗಾಡ್ತಾ ಇದ್ವು. ಅವತ್ತೇ ಬೆಳಗ್ಗೆ ಊದ್ತಾ ಊದ್ತಾ ಬಿದ್ದುಹೋದ್ವು. ಹಲ್ಲಿಲ್ಲದೆ ಕ್ಲಾರಿನೆಟ್ ಹಿಡಿಯೋಕೆ ಆಗುತ್ತಾ? ಗಾಳಿ ಎಲ್ಲ ಪಕ್ಕದಿಂದ ಪುಸ್ ಅನ್ನುತ್ತೆ. ನಿಮ್ಮ ಹೆಂಡತಿಗೆ ಗೊತ್ತಾದ್ರೆ ಹಲ್ಲಿನ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ. ನನಗೆ ಡಾಕ್ಟರಂದ್ರೆ ಭಯ. ಅದಕ್ಕೇ ಕೊಟ್ಟುಬಿಟ್ಟೆ ಅಂತ ಹೇಳಿ ಟ್ರಂಕಿನಲ್ಲಿ ಅಡಗಿಸಿಟ್ಟೆ."

ಇಷ್ಟು ದಿನ ಉಂಡ ಸಂಕಟವನ್ನು ಯಾರಿಗೆ ವಾಪಸು ಕೊಡುವುದೆಂದು ಬೀಗದವನಿಗೆ ತಿಳಿಯಲಿಲ್ಲ. ಅಳಬೇಕೋ ನಗಬೇಕೋ ಎಂದು ಯೋಚಿಸುವಷ್ಟರಲ್ಲಿ ಮಾವನ ಕೈ ಅವನ ತಲೆಯ ಬೋಳು ಜಾಗವನ್ನು ಮೆಲ್ಲಗೆ ಸವರಿತು.

"ಫೋಟೊದಲ್ಲಿ ಈ ತಲೆ ನೋಡಿದಾಗ್ಲೇ ಪಾಪ ಅನ್ನಿಸಿತ್ತು. ಯಾರಿಗೋ ಬಹಳ ಚಿಂತೆ ಇದೆ ಅಂತ. ನಮ್ಮ ಮನೇದೇ ಅಂತ ಗೊತ್ತಾಗಲಿಲ್ಲ ನೋಡಿ. ನೀವು ಬರೆದದ್ದನ್ನ ಓದಿ ಹೆಡ್ಡೂ ಕಣ್ಣೀರು ಹಾಕ್ದ. ಅದಕ್ಕೇ ಸುಮ್ಮನಾದ ಅನ್ಸುತ್ತೆ."

"ಹೋಗಲಿ ಬಿಡಿ ಮಾವ. ಹಣ ಮನೇದು ಮನೇಲೇ ಉಳೀತು. ಇದು ಟ್ರಂಕಿಗೆ ಹೋಗಲಿ, ನಾನು ಸ್ಕೂಟರ್ ರಿಪೇರಿ ಮಾಡಿಸ್ತೀನಿ."

ಮಾವ ಕೆಮ್ಮಿದರು. ಬೆರಳುಗಳು ಹೆಲ್ಮೆಟ್ಟಿನ ಮೇಲೆ ಟಕಟಕ ಕುಣಿಯತೊಡಗಿದವು.

"ಹಣ ಖರ್ಚಾಗಿದೆ, ಅಳಿಯಂದಿರೇ. ಬಾಯಿ ಹೋದ್ರೂ ಕೈ ಇದೆಯಲ್ಲ ಅನ್ನಿಸ್ತು. ನೀವು ಕೊನೇ ಕೂಗು ಕೂಗಿದ್ದೇ ತಡ, ಬರೋ ಹಣ ನಂಬಿ ನನ್ನ ಪಿಂಚಣಿ ಎಲ್ಲ ತೆಗೆದು ಒಂದು ಸಾಮಾನು ಕೊಂಡುಬಿಟ್ಟೆ."

"ಏನು ಸಾಮಾನು?" ಬೀಗದವನ ದನಿ ಇಳಿದಿತ್ತು. "ಯಾರಿಂದ? ವಿಚಾರಿಸಿದ್ರಾ? ಫೋಟೊ ಕೇಳಿದ್ರಾ? ಆಪಿನಲ್ಲಿ ತಾನೇ ಕಟ್ಟಿದ್ದು?"

"ಆಪು ಗೀಪು ಇಲ್ಲ. ನೇರವಾಗಿ ಕಳಿಸಿದೆ. ಅವನ ಮಾತು ಕೇಳಿದ್ರೆ ಒಳ್ಳೆಯವನ ಥರ ಇದ್ದ."

ಬೀಗದವನು ತಲೆಯ ಮೇಲೆ ಕೈಹೊತ್ತು ಕೂತ. ಮುಗಿಯಿತು. ಗೋಡೆಗೆ ಇನ್ನೊಂದು ಫೋಟೊ ಬಂದಿರುತ್ತದೆ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಹಿಂದೆ, ಹಜಾರದ ತುಂಬ, ಹೊಳೆಯುವ ಡ್ರಮ್ ಸೆಟ್ಟು. ದೊಡ್ಡದೊಂದು, ಅದರ ಮರಿಗಳು, ತಾಳದ ತಟ್ಟೆಗಳು, ಕಾಲಿನಲ್ಲಿ ತುಳಿಯುವ ಪೆಡಲು. ಒಂದು ಸ್ಕ್ರೂ ಕೂಡ ಕಡಿಮೆಯಿಲ್ಲ. ಮಾರಿದವನು ಕೋಲುಗಳನ್ನು ಬಟ್ಟೆಯಲ್ಲಿ ಸುತ್ತಿ, 'ಹಿರಿಯರಿಗೆ ನಮಸ್ಕಾರ' ಎಂದು ಚೀಟಿ ಬೇರೆ ಇಟ್ಟಿದ್ದ. ಕೆಳಗೊಂದು ಸಾಲು: ವಾಪಸು ತೆಗೆದುಕೊಳ್ಳುವುದಿಲ್ಲ.

ಮಾವ ಚೀಲದಿಂದ ಕೆಂಪು ಮಗ್ಗು ತೆಗೆದು ಮಗಳ ಕೈಗೆ ಕೊಟ್ಟರು. ಆಮೇಲೆ ಎಡಗಾಲಿನ ಚಪ್ಪಲಿ. ಆಮೇಲೆ, ವಿಧಿಯಿಲ್ಲದೆ ನಗಲು ಹೋಗಿ, ಹಲ್ಲಿಲ್ಲದ ಬಾಯಿ.

ಅವಳು ಮಗ್ಗು ನೋಡಿದಳು, ಅಪ್ಪನ ಬಾಯಿ ನೋಡಿದಳು, ಗಂಡನ ಕೈಯಲ್ಲಿದ್ದ ಕ್ಲಾರಿನೆಟ್ ನೋಡಿದಳು. ಅದು ಹೇಗೆ ಅವನ ಕೈಗೆ ಬಂತೆಂದು ಇಬ್ಬರೂ ಒಟ್ಟಿಗೆ ತೊದಲುತ್ತ ಹೇಳಿದ್ದನ್ನು ಕೇಳಿದಳು. ಕಣ್ಣು ತುಂಬಿಕೊಂಡವು. ಆಮೇಲೆ ಬಾಯಿ ತೆರೆದಳು.

"ಬುದ್ಧಿ ಇದೆಯೇನ್ರೀ ನಿಮಗೆ? ಕಟ್ಕೊಂಡ ಹೆಂಡತಿಯನ್ನ ಒಂದು ಮಾತು ಕೇಳೋದು ಬಿಟ್ಟು ಊರಿಗೆಲ್ಲ ತಲೆ ತೋರಿಸ್ಕೊಂಡು ಬಂದ್ರಾ? ಟವೆಲ್ಲು ಹಾಸಿಗೆ ಮೇಲೆ, ಡಬ್ಬಿ ಮುಚ್ಚಳ ನೆಲದ ಮೇಲೆ, ಸ್ಕೂಟರ್ ದುಡ್ಡು ಗಾಳಿ ಮೇಲೆ!"

ಎಷ್ಟು ದಿನಗಳ ಬಾಕಿಯೋ, ಒಂದೂ ಬಿಡದೆ ಬೈದಳು. ಬೀಗದವನು ಬಿಸಿಲಲ್ಲಿ ನಡೆದು ಬಂದವನು ಮರದ ಕೆಳಗೆ ನಿಂತ ಹಾಗೆ ಕಣ್ಣು ಮುಚ್ಚಿ ನಿಂತು ಕೇಳಿದ.

ಹಾಗಂತ ಎಲ್ಲ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಮಾವನಿಗೆ ಒಂದು ಯೋಚನೆ ಹೊಳೆಯಿತು. "ಅಳಿಯಂದಿರೇ, ಇಷ್ಟು ಆಸೆಪಟ್ಟು ಕೊಂಡಿದ್ದೀರಿ. ಶೋಕೇಸಿನಲ್ಲಿ ಇಡೋಕೆ ನನಗೆ ಮನಸ್ಸಿಲ್ಲ ಅಂತ ಮೊದಲೇ ಹೇಳಿದ್ದೆ. ನಿಮಗೆ ಹಲ್ಲಿದೆ. ನಾಳೆಯಿಂದ ಕಲಿಸ್ತೀನಿ" ಎಂದರು. ಬೇಡ ಎನ್ನುವಂತಿರಲಿಲ್ಲ. ಹೆಂಡತಿ ನೋಡುತ್ತಿದ್ದಳು.

ಈಗ ಹಾಲಿನವನು ಬರುವುದಕ್ಕೆ ಮುಂಚೆಯೇ ಬೀಗದವನು ಹಜಾರದಲ್ಲಿ ಕೂತು ಕೆನ್ನೆ ಉಬ್ಬಿಸುತ್ತಾನೆ. ಪಕ್ಕದಲ್ಲಿ ಮಾವ ಹೆಲ್ಮೆಟ್ ಇಲ್ಲದೆ, ಬಾಯಿಗೆ ಕೈ ಅಡ್ಡವಿಲ್ಲದೆ, ಕಿಟಕಿ ತೆರೆದು ನಗುತ್ತ ಡ್ರಮ್ ಬಾರಿಸುತ್ತಾರೆ. ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಒರಗುತ್ತಾಳೆ. ಮಿಕ್ಸಿಯ ಫೋಟೊ ಮೊಳೆಯ ಮೇಲೆ ಗಡಗಡ ಅಲುಗುತ್ತದೆ. ಮೊದಲ ಸಲ ಅದು ಓಡುತ್ತಿರುವ ಹಾಗೆ ಕಾಣುತ್ತದೆ.

ಒಂದು ಬೆಳಗ್ಗೆ ಕೆಳಗಿನ ಕಿಟಕಿ ಧಡ್ ಎಂದು ತೆರೆಯಿತು. ನಿದ್ದೆಗಣ್ಣಿನ ಹೆಡ್ಡು ಕತ್ತು ಹೊರಚಾಚಿ ಮೇಲೆ ನೋಡಿ ಕೂಗಿದ.

"ರೀ! ಅದಕ್ಕೆ ಸ್ವಿಚ್ ಇಲ್ವೇನ್ರೀ?"

ಮಾವನಿಗೆ ಕೇಳಿಸಲಿಲ್ಲ. ಬಾರಿಸುತ್ತಿದ್ದರು. ಬೀಗದವನಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅವನ ಕ್ಲಾರಿನೆಟ್ಟಿನಿಂದ ಇನ್ನೂ ಸದ್ದೇ ಹೊರಟಿರಲಿಲ್ಲ.